ರಾತ್ರಿ ಹನ್ನೊಂದಕ್ಕೆ ಮಲಗುವ ಎಲ್‌ಕೆಜಿ ಹುಡುಗ

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ, ಎಲ್‌ಕೆಜಿ. ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲ, ಪಕ್ಕದ ಮಕ್ಕಳನ್ನು ತಳ್ಳುತ್ತಾನೆ, ನಿನ್ನೆ ಹೇಳಿಕೊಟ್ಟ ಪದ್ಯ ಇವತ್ತು ಮರೆತಿರುತ್ತಾನೆ ಅಂತ ಮಿಸ್ ದೂರು. ನಮ್ಮೆಜಮಾನರು ಅಂಗಡಿ ಮುಚ್ಚಿ ಬರುವುದು ಹತ್ತಕ್ಕೆ. ಅಪ್ಪನ ಮುಖ ನೋಡದೆ ಮಲಗುವುದಿಲ್ಲ; ಹನ್ನೊಂದಾಗುತ್ತದೆ. ಬೆಳಿಗ್ಗೆ ಏಳಕ್ಕೆ ಎಬ್ಬಿಸಲೇಬೇಕು. ಸಂಜೆ ಐದರಿಂದ ಒಂದು ತಾಸು ನಿದ್ದೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿಯಾಗಿ ಚಡಪಡಿಸುವ ತೊಂದರೆ) ಇರಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಲೆಕ್ಕ ಹಾಕಿ. ರಾತ್ರಿ ಎಂಟು ತಾಸು, ಸಂಜೆ ಒಂದು, ಒಟ್ಟು ಒಂಬತ್ತು. ನಾಲ್ಕು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ತಾಸು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಈ ಕೊರತೆ ತುಂಬುವ ಮೊದಲು ಎಡಿಎಚ್‌ಡಿ ಮಾತು ಬೇಡ. ನಿದ್ದೆ ಸಾಲದ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಕುಣಿಯುತ್ತಾರೆ, ಸಣ್ಣದಕ್ಕೂ ಅಳುತ್ತಾರೆ, ಕೈ ಮಾಡುತ್ತಾರೆ. ಹೊರನೋಟಕ್ಕೆ ನಿದ್ದೆಯ ಕೊರತೆ, ಎಡಿಎಚ್‌ಡಿ ಎರಡೂ ಒಂದೇ ಥರ ಕಾಣುತ್ತವೆ.

ಪದ್ಯ ಮರೆಯುವುದಕ್ಕೂ ಇದೇ ಕಾರಣ ಇರಬಹುದು. ಹಗಲು ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ.

ಒಮ್ಮೆಲೇ ಒಂಬತ್ತಕ್ಕೆ ಮಲಗಿಸಿದರೆ ಹಾಸಿಗೆಯಲ್ಲಿ ಎರಡು ತಾಸು ಗಲಾಟೆ ಖಂಡಿತ. ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದೆ ತನ್ನಿ: 10.45, 10.30, ಹೀಗೆ ಒಂಬತ್ತಕ್ಕೆ ಬರಲು ಮೂರೂವರೆ ವಾರ. ಏಳುವ ಹೊತ್ತು ಭಾನುವಾರವೂ ಏಳೇ. ಅಂದು ಒಂಬತ್ತೂವರೆವರೆಗೆ ಬಿಟ್ಟರೆ ವಾರದ ಶ್ರಮ ನೀರಲ್ಲಿ ಹೋಮ. ಸಂಜೆ ನಿದ್ದೆಯೇ ನಿಮ್ಮ ಮನೆಯ ದೊಡ್ಡ ತೊಡಕು. ಆರಕ್ಕೆ ಎದ್ದ ಮಗುವಿಗೆ ಒಂಬತ್ತಕ್ಕೆ ನಿದ್ದೆ ಎಲ್ಲಿಂದ ಬರಬೇಕು? ಅದನ್ನು ಶಾಲೆಯಿಂದ ಬಂದು ಊಟವಾದ ಕೂಡಲೇ ಮಲಗಿಸಿ, ಮೂರರೊಳಗೆ ಎಬ್ಬಿಸಿ. ರಾತ್ರಿ ಊಟ ಏಳೂವರೆಗೆ. ಎಂಟಕ್ಕೆ ಟಿವಿ, ಮೊಬೈಲ್ ಬಂದ್. ಟ್ಯೂಬ್‌ಲೈಟ್ ಆರಿಸಿ ಮಂದ ದೀಪ ಹಾಕಿ. ಮಲಗುವ ಮುಂಚಿನ ತಾಸು ಪ್ರಖರ ಬೆಳಕಿನಲ್ಲಿ ಕಳೆದರೆ ಈ ವಯಸ್ಸಿನವರಲ್ಲಿ ನಿದ್ದೆ ತರುವ ಮೆಲಟೋನಿನ್ ತೀರಾ ಇಳಿಯುತ್ತದೆ. ದೀಪ ಆರಿಸಿದ ಮೇಲೂ ಬೇಗ ಚೇತರಿಸುವುದಿಲ್ಲ.

ಅಪ್ಪನ ವಿಷಯ ಸೂಕ್ಷ್ಮ, ಒಪ್ಪುತ್ತೇವೆ. ಸ್ನಾನ, ತಿಂಡಿ, ವ್ಯಾನ್ ಹತ್ತಿಸುವುದನ್ನು ಅವರಿಗೆ ವಹಿಸಿ. ಮಗನಿಗೆ ಅಪ್ಪ ಬೆಳಿಗ್ಗೆ ಸಿಗಲಿ. ತಿಂಗಳು ಹೀಗೆ ನಡೆದ ಮೇಲೂ ಶಾಲೆಯಲ್ಲಿ ಅದೇ ದೂರು ಇದ್ದರೆ ಮಕ್ಕಳ ತಜ್ಞರಿಗೆ ತೋರಿಸಿ.

ಪ್ರಶ್ನೆ: ಮೂರೂವರೆ ವರ್ಷದ ಮಗಳ ಮಧ್ಯಾಹ್ನದ ನಿದ್ದೆ ಬಿಡಿಸಿ ಆ ಹೊತ್ತಿಗೆ ಅಕ್ಷರಾಭ್ಯಾಸ ಮಾಡಿಸಬಹುದೇ?
– ಓದುಗರು, ಶಿರಸಿ

ಉತ್ತರ: ತಾನಾಗಿ ಮಲಗುತ್ತಿದ್ದರೆ ಬಿಡಿಸಬೇಡಿ. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ತಂಡ ಶಾಲಾಪೂರ್ವ ಮಕ್ಕಳಿಗೆ ಚಿತ್ರಗಳಿರುವ ಜಾಗ ನೆನಪಿಡುವ ಆಟ ಆಡಿಸಿತು. ನಿತ್ಯ ಮಲಗುವ ಮಕ್ಕಳನ್ನು ಮಧ್ಯಾಹ್ನ ಎಚ್ಚರ ಇಟ್ಟ ದಿನ ಕಲಿತದ್ದು ಸೋರಿಹೋಯಿತು, ರಾತ್ರಿಯ ನಿದ್ದೆಯೂ ಅದನ್ನು ಮರಳಿಸಲಿಲ್ಲ. ಹೊರಳಾಡಿ ಎದ್ದುಬಿಡುವ ದಿನಗಳು ಹೆಚ್ಚಾದರೆ ಅಭ್ಯಾಸ ತಾನೇ ಬಿಟ್ಟುಹೋಗುತ್ತಿದೆ ಎಂದರ್ಥ. ಆಗ ಒತ್ತಾಯ ಮಾಡಬೇಡಿ.

ಪ್ರಶ್ನೆ: ಹನ್ನೊಂದು ತಾಸು ಮಲಗಿದರೂ ಐದು ವರ್ಷದ ಮೊಮ್ಮಗ ಸಿಡಿಮಿಡಿ. ಗೊರಕೆ ಹೊಡೆಯುತ್ತಾನೆ.
– ಓದುಗರು, ಮೈಸೂರು

ಉತ್ತರ: ಶೀತವಿಲ್ಲದಾಗಲೂ ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಗೊರಕೆ, ಬಾಯಿ ತೆರೆದು ಉಸಿರಾಟ, ತಲೆ ಹಿಂದಕ್ಕೆ ಚಾಚಿ ಮಲಗುವುದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು – ಇವಿದ್ದರೆ ಅಡಿನಾಯ್ಡ್ (ಮೂಗಿನ ಹಿಂಬದಿಯ ಗ್ರಂಥಿ) ಅಥವಾ ಟಾನ್ಸಿಲ್ ಊದಿ ಉಸಿರುದಾರಿಗೆ ಅಡ್ಡ ಬಂದಿರಬಹುದು. ಉಸಿರು ಕಟ್ಟಿದಾಗಲೆಲ್ಲ ಮಿದುಳು ಅರೆಎಚ್ಚರವಾಗುತ್ತದೆ. ತಾಸು ಹನ್ನೊಂದಾದರೂ ನಿದ್ದೆ ತುಂಡುತುಂಡು. ಅಂಗಿ ಬಿಚ್ಚಿ ಮಲಗಿಸಿ, ಎದೆ ಕಾಣುವಂತೆ ಎರಡು ನಿಮಿಷ ವಿಡಿಯೊ ಮಾಡಿ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ರಾತ್ರಿಯಿಡೀ ಕಾಲು ಒದರುತ್ತಿದ್ದರೆ ಹಿಮೋಗ್ಲೋಬಿನ್ ಜತೆಗೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಕಬ್ಬಿಣಾಂಶದ ಕೊರತೆಯೂ ನಿದ್ದೆಗೆಡಿಸುತ್ತದೆ. ನಿದ್ದೆ ಬರಲೆಂದು ಕೆಮ್ಮಿನ ಸಿರಪ್ ಮಾತ್ರ ಕುಡಿಸಬೇಡಿ.