ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಆಯ್ಕೆಯಾದ ಹೊಸ ಹುಡುಗರನ್ನು 2001ರ ಬ್ಯಾಚ್ ಜೊತೆ ಈಗಲೇ ಹೋಲಿಸಬಹುದಾ?

ಹೋಲಿಸಬಹುದು, ಆದರೆ 18ರ ಹುಡುಗನನ್ನು 18ರ ಹುಡುಗನ ಜೊತೆಗೇ ಹೋಲಿಸಬೇಕು. ನಾವು ಮಾಡೋ ತಪ್ಪು ಇಲ್ಲೇ. 2001 ಅಂದ ತಕ್ಷಣ ಎರಡು ಬ್ರೌನ್‌ಲೋ ಪದಕ (ಸೀಸನ್‌ನ ಶ್ರೇಷ್ಠ ಆಟಗಾರನಿಗೆ ಕೊಡೋದು) ಗೆದ್ದ ಕ್ರಿಸ್ ಜಡ್ ಕಣ್ಮುಂದೆ ಬರುತ್ತಾರೆ. ಆದರೆ ಅವತ್ತು ಅವರು ಮೂರನೇ ಆಯ್ಕೆ. ಮೊದಲು ಲೂಕ್ ಹಾಡ್ಜ್, ಆಮೇಲೆ ಲೂಕ್ ಬಾಲ್.

ಅದೇ ವರ್ಷ ಡೇನ್ ಸ್ವಾನ್ 58ನೇ ಆಯ್ಕೆ. ಅವರಿಗೆ ಬ್ರೌನ್‌ಲೋ ಸಿಕ್ಕಿದ್ದು 2011ರಲ್ಲಿ, ಹತ್ತು ವರ್ಷದ ನಂತರ! ಆ ಬ್ಯಾಚ್‌ನ ದೊಡ್ಡ ಹೆಸರು ಅವರದೂ ಹೌದು ಅಂತ ಡ್ರಾಫ್ಟ್ ದಿನ ಯಾರಿಗೆ ಗೊತ್ತಿತ್ತು?

ಆಯ್ಕೆಯ ಸಂಖ್ಯೆಯನ್ನೂ ಸುಮ್ನೆ ನಂಬಬೇಡಿ. ಅದೇ 2001ರ ಬ್ಯಾಚ್‌ನ ಇನ್ನೊಬ್ಬ ದೊಡ್ಡ ಆಟಗಾರ ಗ್ಯಾರಿ ಆಬ್ಲೆಟ್ ಜೂನಿಯರ್ 40ನೇ ಆಯ್ಕೆ ಆಗಿದ್ದು ಅಪ್ಪ ಆಡಿದ ಕ್ಲಬ್‌ಗೆ ಮಗ ಹೋಗಬಹುದು ಅನ್ನೋ ನಿಯಮದಿಂದ. 2020ರಲ್ಲಂತೂ ಕೋವಿಡ್‌ನಿಂದಾಗಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹುಡುಗರಿಗೆ ಆಡೋಕೇ ಅವಕಾಶ ಸಿಗಲಿಲ್ಲ.

ನಾನಾದರೆ ಓಟದ ವೇಗಕ್ಕಿಂತ ಒತ್ತಡದಲ್ಲಿ ಚೆಂಡನ್ನು ಎಲ್ಲಿಗೆ ಒದೀತಾನೆ ಅನ್ನೋದನ್ನೇ ಜಾಸ್ತಿ ನೋಡ್ತೀನಿ. ಎತ್ತರದ ಆಟಗಾರರು ಪಳಗೋಕೆ ಇನ್ನೂ ಹೆಚ್ಚು ವರ್ಷ ಬೇಕು. ಇಡೀ ಬ್ಯಾಚ್‌ಗೆ ಅಂಕ ಹಾಕೋಕೆ ಐದಾರು ಸೀಸನ್ ಆದರೂ ಕಾಯಿರಿ.