ಕೋಣೆಯ ಫೋನ್ ರಿಂಗಾದಾಗಲೆಲ್ಲ

(ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಇವರನ್ನು ಶಾಂಭವಿ ಎಂದು ಕರೆಯುತ್ತೇನೆ. ವಯಸ್ಸು ಮೂವತ್ತೆಂಟು, ಹುಟ್ಟೂರು ಮೈಸೂರು, ವಾಸ ಸಿಡ್ನಿಯಲ್ಲಿ. ಅಲ್ಲಿ ಪತಿ ಮತ್ತು ಐದು ವರ್ಷದ ಮಗಳು ಇದ್ದಾರೆ. 2020ರ ಅಕ್ಟೋಬರ್, ನವರಾತ್ರಿಯ ದಿನಗಳು. ಮಾನಸಿಕ ಆರೋಗ್ಯದ ಕೆಲಸ ಮಾಡುವ ನನಗೆ ಮೊದಲು ಕರೆ ಮಾಡಿದವರು ಮೈಸೂರಿನಲ್ಲಿರುವ ಅವರ ತಮ್ಮ. "ಅಕ್ಕ ಹೋಟೆಲ್ ಕ್ವಾರಂಟೈನಿನಲ್ಲಿದ್ದಾಳೆ ಮೇಡಂ, ಇವತ್ತಿಗೆ ನಾಲ್ಕನೇ ದಿನ. ನಾವು ಊಟ ಮುಗಿಸುವ ಹೊತ್ತಿಗೆ ಕರೆ ಮಾಡುತ್ತಾಳೆ, ಅಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಉಸಿರು ಕಟ್ಟುತ್ತಿದೆ ಎನ್ನುತ್ತಾಳೆ. ಇನ್ನೂ ಹತ್ತು ದಿನ ಇದೆ."

ಕೋವಿಡ್ ಕಾರಣಕ್ಕೆ 2020ರ ಮಾರ್ಚ್ ಕೊನೆಯಿಂದ ಆಸ್ಟ್ರೇಲಿಯಾದಲ್ಲಿ ಹೊರದೇಶದಿಂದ ಬಂದ ಬಹುತೇಕ ಎಲ್ಲರೂ, ಇಳಿದ ನಗರದಲ್ಲೇ, ಸರ್ಕಾರ ಗೊತ್ತುಮಾಡಿದ ಹೋಟೆಲಿನಲ್ಲಿ 14 ದಿನ ಇರಬೇಕಿತ್ತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಜುಲೈ 18ರಿಂದ ಅದಕ್ಕೆ ಶುಲ್ಕವೂ ಸೇರಿಕೊಂಡಿತು, ಒಬ್ಬ ವಯಸ್ಕರಿಗೆ 3,000 ಆಸ್ಟ್ರೇಲಿಯನ್ ಡಾಲರ್. ಶಾಂಭವಿಯ ಮನೆ ಹೋಟೆಲಿನಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ವಿಮಾನ ನಿಲ್ದಾಣದಿಂದ ಬಸ್ಸಿನಲ್ಲಿ ಕರೆದೊಯ್ದಾಗ ಯಾವ ಹೋಟೆಲಿಗೆ ಎಂಬುದು ಬಸ್ಸು ನಿಲ್ಲುವವರೆಗೆ ಅವರಿಗೆ ತಿಳಿದಿರಲಿಲ್ಲ. ಹದಿನಾಲ್ಕನೇ ಮಹಡಿ, ತೆರೆಯಲಾಗದ ಗಾಜಿನ ಕಿಟಕಿ, ಬಾಗಿಲಿನಿಂದ ಕಿಟಕಿಗೆ ಹನ್ನೊಂದು ಹೆಜ್ಜೆ. ಊಟವನ್ನು ಕಾಗದದ ಚೀಲದಲ್ಲಿ ಬಾಗಿಲ ಹೊರಗಿಟ್ಟು, ತಟ್ಟಿ ಹೋಗುತ್ತಿದ್ದರು.

ಅವರು ಮೈಸೂರಿಗೆ ಹೋಗಿದ್ದು ತಂದೆ ತೀರಿಕೊಂಡಿದ್ದಕ್ಕೆ. ಸೆಪ್ಟೆಂಬರ್ ಮೊದಲ ವಾರ ಹೃದಯಾಘಾತವಾಯಿತು. ಆಗ ಆಸ್ಟ್ರೇಲಿಯಾದ ನಾಗರಿಕರು ದೇಶ ಬಿಟ್ಟು ಹೊರಡುವುದಕ್ಕೂ ಸರ್ಕಾರದ ವಿಶೇಷ ಅನುಮತಿ ಬೇಕಿತ್ತು. ಅನುಮತಿ ಬಂದು, ವಿಮಾನ ಸಿಕ್ಕಿ ಊರು ತಲುಪುವ ಹೊತ್ತಿಗೆ ಮೂರು ವಾರ ಕಳೆದಿತ್ತು. ವೈಕುಂಠ ಸಮಾರಾಧನೆಯೂ ಮುಗಿದಿತ್ತು.

ಮೊದಲ ಭೇಟಿ ವಿಡಿಯೊ ಕರೆಯಲ್ಲಿ. ನಾನಿರುವುದು ಬೇರೆ ದೇಶದಲ್ಲಿ, ಅಪಾಯವಾದರೆ ಓಡಿ ಹೋಗಲಾರೆ. ಆದ್ದರಿಂದ ಮೊದಲು ಹೋಟೆಲಿನ ಹೆಸರು, ಕೋಣೆಯ ಸಂಖ್ಯೆ, ಪತಿಯ ಸಂಖ್ಯೆ ಬರೆದುಕೊಂಡೆ. ಆತ್ಮಹತ್ಯೆಯ ಯೋಚನೆ ಬಂದಿದೆಯೇ ಎಂದು ಸುತ್ತಿಬಳಸದೆ ಕೇಳಿದೆ. ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕರಿಗಿದೆ. ಹಾಗಾಗುವುದಿಲ್ಲ. ಅವರು ನೇರವಾಗಿಯೇ ಉತ್ತರಿಸಿದರು: "ಸಾಯಬೇಕೆಂದು ಅನ್ನಿಸಿಲ್ಲ. ಈ ಬಾಗಿಲು ತೆರೆದು ಓಡಬೇಕು ಅನ್ನಿಸುತ್ತದೆ." ದಿನವೂ ಮಾತನಾಡುವ ನರ್ಸಿಗೆ ಇದನ್ನು ಇವತ್ತೇ ಹೇಳಬೇಕೆಂದು ಒಪ್ಪಿಸಿದೆ. ಆಸ್ಟ್ರೇಲಿಯಾದ ಲೈಫ್‌ಲೈನ್ ಸಹಾಯವಾಣಿಯ ಸಂಖ್ಯೆ 13 11 14ನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸಲು ಹೇಳಿದೆ.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ಆ ವರ್ಷ ಇಂಥ ಕರೆಗಳು ಹಲವು ಬಂದಿದ್ದವು, ಹೇಳಬೇಕಾದ ಮಾತುಗಳು ಬಾಯಿಪಾಠವಾಗಿದ್ದವು. ದಿನಚರಿ ಮಾಡಿಕೊಳ್ಳಿ, ಸ್ವಲ್ಪ ವ್ಯಾಯಾಮ ಮಾಡಿ, ಸುದ್ದಿ ನೋಡುವುದನ್ನು ಕಡಿಮೆ ಮಾಡಿ. ಶಾಂಭವಿ ತಾಳ್ಮೆಯಿಂದ ಕೇಳಿ, ಮೊಬೈಲನ್ನು ಗೋಡೆಯ ಕಡೆ ತಿರುಗಿಸಿದರು. ಅಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗಂಟೆಯ ವೇಳಾಪಟ್ಟಿ ಆಗಲೇ ಅಂಟಿತ್ತು. ಸೂರ್ಯನಮಸ್ಕಾರ, ಕಚೇರಿ ಕೆಲಸ, ಮಗಳ ಜೊತೆ ಮಾತು, ಹನ್ನೊಂದು ಹೆಜ್ಜೆಯ ನಡಿಗೆ, ಎಲ್ಲವೂ ಇತ್ತು. "ಇದನ್ನೆಲ್ಲ ಮಾಡುತ್ತಿದ್ದೇನೆ ಮೇಡಂ. ಆದರೂ ಬರುತ್ತದೆ" ಎಂದರು. ಬಂಧುಗಳೂ ಹೀಗೆಯೇ ಕೈಗೆ ಸಿಕ್ಕ ಮಾತು ಹೇಳಿದ್ದರಂತೆ. "ಅಷ್ಟು ದೊಡ್ಡ ಹೋಟೆಲು, ಅಡುಗೆ ಮಾಡುವ ಹಾಗಿಲ್ಲ, ಆರಾಮವಾಗಿರು" ಎಂದು ಅತ್ತೆಯೊಬ್ಬರು. ಪ್ರೀತಿಯಿಂದಲೇ ಆಡಿದ ಮಾತು, ನಿಜ. ಆದರೆ ಅದನ್ನು ಕೇಳಿದ ಮೇಲೆ ತನ್ನ ಕಷ್ಟ ಹೇಳಿಕೊಳ್ಳುವುದಕ್ಕೆ ಅವರಿಗೆ ನಾಚಿಕೆಯಾಗತೊಡಗಿತ್ತು.

ಹಾಗಾಗಿ ಸಲಹೆ ಕೊಡುವುದನ್ನು ನಿಲ್ಲಿಸಿದೆ. ಉಸಿರು ಕಟ್ಟಿದಂತಾದಾಗಲೆಲ್ಲ ಸಮಯವನ್ನೂ, ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ ಏನಾಯಿತೆಂಬುದನ್ನೂ ಬರೆದಿಡಿ, ಅಷ್ಟೇ ಸಾಕು ಎಂದೆ. ಮುಚ್ಚಿದ ಕಿಟಕಿಯಿಂದಲೇ ಹೀಗಾಗುತ್ತಿದೆ ಎಂದು ಅವರು ನಂಬಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಎರಡು ದಿನದ ಬಳಿಕ ಆ ಹಾಳೆಯನ್ನು ಇಬ್ಬರೂ ಸೇರಿ ಓದಿದೆವು. ಐದು ಬಾರಿ ಬರೆದಿದ್ದರು. ಹಗಲಿನ ಮೂರೂ ಕೋಣೆಯ ಸ್ಥಿರ ದೂರವಾಣಿ ರಿಂಗಾದ ಬೆನ್ನಲ್ಲೇ ಬಂದವು. ನರ್ಸಿನ ಕರೆ, ಸ್ವಾಗತಕಾರರ ಕರೆ, ಮತ್ತೆ ನರ್ಸು. ಉಳಿದ ಎರಡು ಬೆಳಗಿನ ಜಾವ ಮೂರೂವರೆಯ ಆಸುಪಾಸಿನಲ್ಲಿ, ಎಚ್ಚರವಾಗಿ ಆ ಫೋನನ್ನು ನೋಡುತ್ತ ಮಲಗಿದ್ದಾಗ. ಒಂದು ದಿನ ಅದರ ತಂತಿಯನ್ನೇ ಕಿತ್ತಿಟ್ಟಿದ್ದರು. ಉತ್ತರ ಬರಲಿಲ್ಲವೆಂದು ರಕ್ಷಣಾ ಉಡುಪು ತೊಟ್ಟ ಇಬ್ಬರು ಬಂದು ಬಾಗಿಲು ಬಡಿದಿದ್ದರು.

"ಅಪ್ಪನ ಸುದ್ದಿ ಬಂದದ್ದು ಎಷ್ಟು ಹೊತ್ತಿಗೆ?" ಎಂದು ಕೇಳಿದೆ.

"ಮೂರು ನಲವತ್ತಕ್ಕೆ. ಫೋನು ಮೂರು ಸಲ ಹೊಡೆದು ನಿಂತುಹೋಯಿತು. ನಾನು ಎದ್ದು ತೆಗೆದುಕೊಳ್ಳಲಿಲ್ಲ. ಮತ್ತೆ ಹೊಡೆಯಿತು." ಇಷ್ಟು ಹೇಳಿ ಬಹಳ ಹೊತ್ತು ಅತ್ತರು. ತಂದೆ ಹೋದ ಮೇಲೆ ಹೀಗೆ ಅತ್ತದ್ದು ಅದೇ ಮೊದಲು ಎಂದರು.

ಮೈಸೂರಿನಲ್ಲಿ ಅಳುವುದಕ್ಕೆ ಅವರಿಗೆ ಹೊತ್ತೇ ಸಿಕ್ಕಿರಲಿಲ್ಲ. ಮೊದಲ ಕೆಲವು ದಿನ ಮಹಡಿಯ ಕೋಣೆಯಲ್ಲಿ ಪ್ರತ್ಯೇಕವಾಗಿದ್ದು, ಮೆಟ್ಟಿಲ ಮೇಲಿನಿಂದಲೇ ತಾಯಿಯನ್ನು ನೋಡಿದ್ದರು. ಕೆಳಗಿಳಿದ ಮೇಲೆ ಕುಟುಂಬ ಪಿಂಚಣಿಯ ಅರ್ಜಿ, ಮರಣ ಪ್ರಮಾಣಪತ್ರದ ಪ್ರತಿಗಳು, ಬ್ಯಾಂಕಿನ ಖಾತೆ, ತಾಯಿಯ ಮಾತ್ರೆ. ದೊಡ್ಡ ಮಗಳು ಬಂದಳು, ಇನ್ನು ಎಲ್ಲ ನೋಡಿಕೊಳ್ಳುತ್ತಾಳೆ ಎಂದು ಮನೆಯವರು ಉಸಿರು ಬಿಟ್ಟಿದ್ದರು. ಅವರು ನೋಡಿಕೊಂಡರು ಕೂಡ. ಆ ಓಟವೆಲ್ಲ ನಿಂತದ್ದು ಈ ಕೋಣೆಯ ಬಾಗಿಲು ಮುಚ್ಚಿಕೊಂಡಾಗ. ಪಕ್ಕದಲ್ಲಿ ಅಳುವವರಿಲ್ಲ, ಸಮಾಧಾನ ಹೇಳುವವರೂ ಇಲ್ಲ, ಮೇಜಿನ ಮೇಲೆ ಒಂದು ಫೋನು. ಕ್ವಾರಂಟೈನಿನಿಂದ ಬಂದ ಕಾಯಿಲೆಯೆಂದು ಇದನ್ನು ಬರೆದುಕೊಂಡಿದ್ದರೆ ಅವರ ಶೋಕವನ್ನೇ ನಾನು ಕಾಣದೆ ಹೋಗುತ್ತಿದ್ದೆ.

ಇದರ ಮೇಲೆ ಕೊಟ್ಟ ಸಲಹೆಗಳು ಸಣ್ಣವು. ನರ್ಸಿನೊಡನೆ ಮಾತನಾಡಿ, ಕೋಣೆಯ ಫೋನಿಗೆ ಮಾಡುವ ಮೊದಲು ಮೊಬೈಲಿಗೆ ಒಂದು ಸಂದೇಶ ಕಳುಹಿಸಲು, ಸಾಧ್ಯವಾದಷ್ಟೂ ಒಂದೇ ಹೊತ್ತಿಗೆ ಮಾಡಲು ಕೇಳಿಕೊಳ್ಳುವುದು. ಆಕೆ ತಕ್ಷಣ ಒಪ್ಪಿದರಂತೆ. ಆ ಹೆಸರು ಗೊತ್ತಿಲ್ಲದ ನರ್ಸಿಗೆ ನಾನು ಇಂದಿಗೂ ಋಣಿ. ರಿಂಗಿನ ಸದ್ದು ತಗ್ಗಿಸಿ, ಎರಡು ಸಲ ರಿಂಗಾಗಲು ಬಿಟ್ಟು, ಪಾದಗಳನ್ನು ನೆಲಕ್ಕೆ ಒತ್ತಿ, ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಆಮೇಲೆ ಎತ್ತುವುದು. ಉಸಿರು ಕಟ್ಟಿದಂತೆ ಅನಿಸಿದರೆ ತಣ್ಣೀರಿನಿಂದ ಮುಖ ತೊಳೆದು, ಈ ಭಯ ಏರಿದ ಹಾಗೆಯೇ ಕೆಲವು ನಿಮಿಷದಲ್ಲಿ ಇಳಿಯುತ್ತದೆಂದು ಗಡಿಯಾರ ನೋಡುತ್ತ ಕಾಯುವುದು. ಹಾಸಿಗೆ ನಿದ್ರೆಗೆ ಮಾತ್ರ, ಹಗಲು ಕುರ್ಚಿ. ಬೆಳಿಗ್ಗೆ ಎದ್ದೊಡನೆ ಕಿಟಕಿಯ ಬೆಳಕಿನಲ್ಲಿ ಅರ್ಧ ಗಂಟೆ.

ಮಗಳ ವಿಷಯ ಬೇರೆಯೇ ಇತ್ತು. ಪತಿ ಸಂಜೆ ಅವಳನ್ನು ಕರೆತಂದು ಹೋಟೆಲಿನೆದುರಿನ ಪಾದಚಾರಿ ದಾರಿಯಲ್ಲಿ ನಿಲ್ಲಿಸುತ್ತಿದ್ದರು. ಶಾಂಭವಿ ಮೇಲಿನಿಂದ ಮೊಬೈಲಿನ ಟಾರ್ಚ್ ಅಲ್ಲಾಡಿಸುತ್ತಿದ್ದರು. ಕೇಳುವುದಕ್ಕೆ ಚೆಂದ. ಆದರೆ ಹಿಂದಿರುಗುವ ದಾರಿಯುದ್ದಕ್ಕೂ ಮಗು ಅಳುತ್ತಿತ್ತು. ಅದನ್ನು ಬಿಡಿ, ಮಲಗುವ ಹೊತ್ತಿಗೆ ವಿಡಿಯೊದಲ್ಲಿ ದಿನಕ್ಕೊಂದು ಕಥೆ ಹೇಳಿ, ಕ್ಯಾಲೆಂಡರಿನಲ್ಲಿ ಅವಳೇ ಒಂದು ಚೌಕ ಬಣ್ಣ ತುಂಬಲಿ, "ನಾಳೆ ಬಂದುಬಿಡುತ್ತೇನೆ" ಎಂದು ಮಾತ್ರ ಹೇಳಬೇಡಿ ಎಂದೆ.

ಇನ್ನೊಂದನ್ನು ಸಲಹೆಯಾಗಿ ಹೇಳಲಿಲ್ಲ, ಕೇಳಿಕೊಂಡೆ. ಆ ರಾತ್ರಿಯಿಂದ ದಹನದವರೆಗೆ ಏನೇನು ನಡೆಯಿತೆಂದು ತಮ್ಮನನ್ನು ಕೇಳುತ್ತೀರಾ? ಅಂದು ಅಂತ್ಯಕ್ರಿಯೆಯನ್ನು ವಿಡಿಯೊದಲ್ಲಿ ತೋರಿಸುವಾಗ ನೆಟ್‌ವರ್ಕ್ ಕೈಕೊಟ್ಟು, ಹೊದಿಸಿದ ಬಿಳಿ ಬಟ್ಟೆಯ ಮೇಲೆ ಚಿತ್ರ ನಿಂತುಬಿಟ್ಟಿತ್ತು. ಅಕ್ಕನಿಗೆ ನೋವಾಗುತ್ತದೆಂದು ತಮ್ಮ ಮುಂದಿನದನ್ನು ಹೇಳಿರಲಿಲ್ಲ, ತಮ್ಮನಿಗೆ ನೋವಾಗುತ್ತದೆಂದು ಅಕ್ಕ ಕೇಳಿರಲಿಲ್ಲ.

ಎಂಟನೇ ದಿನ ಕೇಳಿದರು. ತಮ್ಮ ಒಂದೂವರೆ ಗಂಟೆ ಹೇಳಿದರಂತೆ. ಸ್ನಾನ ಮಾಡಿಸಿದವರು ಯಾರು, ಹೊದಿಸಿದ ಶಾಲು ಯಾವುದು, ಹೆಗಲು ಕೊಡಲು ಬಂದ ನೆರೆಯವರು ಯಾರು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟ ದಿನ ಕಾವೇರಿ ಎಷ್ಟು ತುಂಬಿ ಹರಿಯುತ್ತಿತ್ತು. ಹೊದಿಸಿದ್ದು ಶಾಂಭವಿ ಮೊದಲ ಸಂಬಳದಲ್ಲಿ ಕೊಡಿಸಿದ್ದ ಶಾಲು. ಅದು ಅವರಿಗೆ ಗೊತ್ತೇ ಇರಲಿಲ್ಲ.

ಆ ರಾತ್ರಿ ಐದು ಗಂಟೆ ನಿದ್ರೆ ಬಂತು. ಹತ್ತನೇ ದಿನದ ಪರೀಕ್ಷೆಯಲ್ಲಿ ಸೋಂಕಿಲ್ಲವೆಂದು ಬಂತು. ನಡುವೆ ಮತ್ತೆರಡು ಸಲ ಉಸಿರು ಕಟ್ಟಿತು, ಇಳಿಯಿತು. ಹದಿನಾಲ್ಕು ದಿನ ಮುಗಿಸಿ ಮನೆಗೆ ಹೋದರು.

ಬಾಗಿಲು ತೆರೆದ ಮಾತ್ರಕ್ಕೆ ಪ್ರಕರಣ ಮುಗಿಯಲಿಲ್ಲ. ಹದಿನೈದು ದಿನಕ್ಕೊಮ್ಮೆ ಮಾತು ಮುಂದುವರಿಸಿದೆವು. ನವೆಂಬರಿನಲ್ಲಿ ಒಂದು ದಿನ ಅವರು ಅದುವರೆಗೆ ಹೇಳದಿದ್ದುದನ್ನು ಹೇಳಿದರು. ಫೆಬ್ರುವರಿಯಲ್ಲಿ ಅಪ್ಪ, ಯುಗಾದಿಗೆ ಬಾ ಎಂದು ಕರೆದಿದ್ದರು. ರಜೆ ಇಲ್ಲ, ಡಿಸೆಂಬರಿಗೆ ಬರುತ್ತೇನೆ ಎಂದಿದ್ದರು ಇವರು. ಆ ವರ್ಷ ಯುಗಾದಿ ಬಂದದ್ದು ಮಾರ್ಚ್ 25ರಂದು, ದೇಶಕ್ಕೆ ದೇಶವೇ ಲಾಕ್‌ಡೌನಿಗೆ ಹೋದ ದಿನ. "ಹೂಂ ಎಂದಿದ್ದರೆ ನಾನು ಮೈಸೂರಿನಲ್ಲೇ ಸಿಕ್ಕಿಕೊಂಡಿರುತ್ತಿದ್ದೆ. ಅಪ್ಪನ ಜೊತೆ ಅಷ್ಟು ತಿಂಗಳು ಇರುತ್ತಿದ್ದೆ."

ನಿಮ್ಮ ತಪ್ಪಿಲ್ಲ ಎಂದು ಹೇಳಲು ಬಾಯಿ ತೆರೆದು ಸುಮ್ಮನಾದೆ. ಅದನ್ನು ಅವರಿಗೆ ನೂರು ಮಂದಿ ಹೇಳಿದ್ದರು. ಡಿಸೆಂಬರ್ ಎಂದಾಗ ಅಪ್ಪ ಏನು ಹೇಳಿದರು ಎಂದು ಕೇಳಿದೆ.

ಸ್ವಲ್ಪ ಹೊತ್ತು ಯೋಚಿಸಿದರು. "'ಡಿಸೆಂಬರಿನಲ್ಲಿ ಮಾವಿನಕಾಯಿ ಚಿತ್ರಾನ್ನ ಸಿಗುವುದಿಲ್ಲವಲ್ಲ ಕೂಸೇ' ಎಂದರು" ಎಂದು ಹೇಳಿ, ಅಳುತ್ತಲೇ ನಕ್ಕರು. ಮುಂದಿನ ಭೇಟಿಯನ್ನು ಅಲ್ಲಿಂದಲೇ ಆರಂಭಿಸಿದೆವು.