ತಂಪಿಗೆ ಕಾರಣ ಬೂದಿಯಲ್ಲ, ಗಂಧಕ

ಮಾನ್ಯರೇ,

ಕಳೆದ ಸಂಚಿಕೆಯ ಜ್ವಾಲಾಮುಖಿ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ಬೂದಿ ಕೆಲವೇ ದಿನಗಳಲ್ಲಿ ನೆಲ ಸೇರುತ್ತದೆ ಎಂದು ಲೇಖನದಲ್ಲಿದೆ. ಚಿತ್ರದ ಕೆಳಗೆ ನೋಡಿದರೆ, ಪಿನಟೂಬೊದ ಬೂದಿ ಭೂಮಿಯನ್ನು ಎರಡು ವರ್ಷ ತಂಪಾಗಿಟ್ಟಿತು ಎಂದಿದೆ. ನನ್ನ ತರಗತಿಯ ಮಕ್ಕಳಿಗೆ ಯಾವುದನ್ನು ಹೇಳಲಿ?" ಎಂದು ಕೇಳಿದ್ದೀರಿ. ಮೊದಲನೆಯದನ್ನೇ ಹೇಳಿ. ಚಿತ್ರದ ಅಡಿಬರಹ ತಪ್ಪು. ಅದನ್ನು ಬರೆದವನು ನಾನೇ, ಕ್ಷಮೆ ಇರಲಿ.

ಇಂಥ ತಪ್ಪಿಗೆ ನಮ್ಮ ಪದಗಳೂ ದಾರಿ ಮಾಡಿಕೊಡುತ್ತವೆ. ಜ್ವಾಲಾಮುಖಿ ಎಂದೊಡನೆ ಏನೋ ಹೊತ್ತಿ ಉರಿಯುತ್ತಿದೆ, ಬೂದಿ ಎಂದೊಡನೆ ಉರಿದು ಉಳಿದದ್ದು ಎಂದು ಮನಸ್ಸು ಅಂದುಕೊಳ್ಳುತ್ತದೆ. ನಿಜವಾಗಿ ಅದು ಸುಟ್ಟು ಉಳಿದ ಬೂದಿಯಲ್ಲ. ನೆಲದಾಳದ ಕರಗಿದ ಕಲ್ಲಾದ ಶಿಲಾಪಾಕದೊಳಗೆ ಒತ್ತಡದಲ್ಲಿದ್ದ ಅನಿಲ ಒಮ್ಮೆಲೇ ಹಿಗ್ಗಿ ಅದನ್ನು ಪುಡಿಪುಡಿ ಮಾಡುತ್ತದೆ. ಬೂದಿ ಅನ್ನುವುದು ಆ ಪುಡಿಯನ್ನೇ, ಕಲ್ಲು ಮತ್ತು ಗಾಜಿನ ಚೂರುಗಳನ್ನು. ಒದ್ದೆಯಾದರಂತೂ ವಿಪರೀತ ಭಾರ. ಫಿಲಿಪ್ಪೀನ್ಸ್‌ನ ಪಿನಟೂಬೊ ಸಿಡಿದ 1991ರ ಜೂನ್ 15ರಂದೇ ಅಲ್ಲಿಗೆ ಚಂಡಮಾರುತವೂ ಬಂದಿತ್ತು. ಅಂದು ಸತ್ತವರಲ್ಲಿ ಹೆಚ್ಚಿನವರು, ಮಳೆಯಲ್ಲಿ ನೆನೆದ ಬೂದಿಯ ಭಾರಕ್ಕೆ ಕುಸಿದ ಮಾಡಿನಡಿ ಸಿಕ್ಕವರು.

ಭೂಮಿಯನ್ನು ತಂಪು ಮಾಡಿದ್ದು ಅದೇ ಸ್ಫೋಟದಲ್ಲಿ ಮೇಲೇರಿದ ಅನಿಲ. ಸುಮಾರು 1.5ರಿಂದ 2 ಕೋಟಿ ಟನ್ ಸಲ್ಫರ್ ಡೈಆಕ್ಸೈಡ್ ಎಂಬ ಗಂಧಕದ ಅನಿಲ ವಾಯುಮಂಡಲದ ಮೇಲಿನ ಪದರವಾದ ಸ್ತರಗೋಳಕ್ಕೆ ನುಗ್ಗಿತು. ಅಲ್ಲಿ ಅದನ್ನು ತೊಳೆದು ಇಳಿಸಲು ಮಳೆಯಿಲ್ಲ. ನೀರಾವಿಯೊಂದಿಗೆ ಬೆರೆತು ಗಂಧಕಾಮ್ಲದ ಅತಿಸಣ್ಣ ಹನಿಗಳಾಗಿ ಭೂಮಿಯ ಸುತ್ತ ಹರಡಿಕೊಂಡಿತು. ಹನಿಗಳು ಬಿಸಿಲಿನ ಒಂದಂಶವನ್ನು ಬಾಹ್ಯಾಕಾಶಕ್ಕೆ ತಿರುಗಿಸಿ ಕಳಿಸಿದ್ದರಿಂದ 1992ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಹೆಚ್ಚುಕಡಿಮೆ ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು.

ಆದ್ದರಿಂದ ಸಿಡಿತದ ಅಬ್ಬರ ನೋಡಿ ಹವಾಮಾನದ ಲೆಕ್ಕ ಹಾಕಲಾಗದು. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್, 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್, ಎರಡೂ ದೊಡ್ಡ ಸ್ಫೋಟಗಳೇ. ಮೊದಲನೆಯದರ ಗಂಧಕದ ಅನಿಲ ಸುಮಾರು 10 ಲಕ್ಷ ಟನ್, ಎರಡನೆಯದರದು 70 ಲಕ್ಷ ಟನ್. ಜಗತ್ತಿನ ಉಷ್ಣತೆಗೆ ಮೊದಲನೆಯದು ಲೆಕ್ಕಕ್ಕೇ ಬರಲಿಲ್ಲ.

ಜ್ವಾಲಾಮುಖಿಗಳಿಂದ ಜೀವಿಗಳಿಗೆ ಏನಾಗುತ್ತದೆ ಎಂದೂ ಕೇಳಿದ್ದೀರಿ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಐಸ್‌ಲ್ಯಾಂಡಿನ ಲಾಕಿ. 1783ರ ಜೂನ್ 8ರಂದು ಅಲ್ಲಿ ನೆಲ ಸೀಳತೊಡಗಿತು. 27 ಕಿಲೋಮೀಟರ್ ಉದ್ದದ ಬಿರುಕಿನಿಂದ ಎಂಟು ತಿಂಗಳು ಲಾವಾ ಹರಿಯಿತು. ಸತ್ತವರಲ್ಲಿ ಬಹುಪಾಲು ಜನ ಲಾವಾಕ್ಕೆ ಸಿಕ್ಕವರಲ್ಲ. ಅನಿಲದ ಜೊತೆ ಬಂದ ಫ್ಲೋರಿನ್ ಎಂಬ ವಿಷ ಬೂದಿಗೆ ಅಂಟಿ ಹುಲ್ಲಿನ ಮೇಲೆ ಕೂತಿತು, ಕುರಿಗಳು ಆ ಹುಲ್ಲನ್ನೇ ಮೇಯ್ದವು. ಅಲ್ಲಿನ ಪಾದ್ರಿ ಜೋನ್ ಸ್ಟೇನ್‌ಗ್ರಿಮ್‌ಸನ್ ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾರೆ. ಸೊರಗಿದ ಕುದುರೆಗಳು, ಪಕ್ಕೆಲುಬು ಮತ್ತು ಕೀಲುಗಳ ಮೇಲೆ ಗಂಟು ಬೆಳೆದು ನಡೆಯಲಾಗದ ಕುರಿಗಳು. ಕುರಿಗಳಲ್ಲಿ ಸುಮಾರು ಶೇಕಡಾ 80, ದನ ಮತ್ತು ಕುದುರೆಗಳಲ್ಲಿ ಅರ್ಧದಷ್ಟು ಸತ್ತವು. ಆಮೇಲೆ ಬಂದ ಕ್ಷಾಮದಲ್ಲಿ ದೇಶದ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ತೀರಿಕೊಂಡರು. ಉರಿಯುವ ಬೆಟ್ಟದ ಚಿತ್ರ ಹಾಕುವಾಗ ಈ ಹುಲ್ಲಿನ ಚಿತ್ರ ಹಾಕಲು ನಮಗೆ ಹೊಳೆಯಲಿಲ್ಲ.

ವಾಹನ, ಕಾರ್ಖಾನೆಗಳಿಗಿಂತ ಜ್ವಾಲಾಮುಖಿಗಳೇ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ ಎಂದು ನಿಮ್ಮ ಸಹೋದ್ಯೋಗಿ ವಾದಿಸಿದರಂತೆ. ಅದು ಸರಿಯಲ್ಲ. ಕಲ್ಲಿದ್ದಲು, ತೈಲ, ಅನಿಲ ಉರಿಸಿ ನಾವು ವರ್ಷಕ್ಕೆ 3,500 ಕೋಟಿ ಟನ್ನಿಗಿಂತ ಹೆಚ್ಚು ಬಿಡುತ್ತಿದ್ದೇವೆ. ನೆಲ, ಕಡಲಿನ ಎಲ್ಲ ಜ್ವಾಲಾಮುಖಿಗಳೂ ಸೇರಿ 100 ಕೋಟಿ ಟನ್ ಮುಟ್ಟುವುದಿಲ್ಲ.

ಕೊನೆಗೆ ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: "ಅಷ್ಟು ಸುಟ್ಟ ಜಾಗಕ್ಕೆ ಮೊದಲು ಬಂದವರು ಯಾರು?" ಪ್ರಶ್ನೆ ನನಗೆ ತುಂಬ ಹಿಡಿಸಿತು. ಸೇಂಟ್ ಹೆಲೆನ್ಸ್‌ನಲ್ಲಿ ಕೆಲವರು ಹೋಗಿಯೇ ಇರಲಿಲ್ಲ ಎಂದು ಅವಳಿಗೆ ಹೇಳಿ. ಪಾಕೆಟ್ ಗೋಫರ್ ಎಂಬ ಇಲಿಯಂಥ ಬಿಲವಾಸಿ ದಂಶಕಗಳಲ್ಲಿ ಕೆಲವು ನೆಲದೊಳಗೇ ಬದುಕಿ ಉಳಿದಿದ್ದವು. ಅವು ಬಿಲ ತೋಡಿದಾಗ ಹಳೆಯ ಮಣ್ಣು, ಅದರೊಳಗಿನ ಶಿಲೀಂಧ್ರಗಳ ಸಮೇತ ಬೂದಿಯ ಮೇಲೆ ಬಂದು ಬಿತ್ತು. ಏನೂ ಉಳಿಯದ ಜಾಗಗಳಿಗೆ ಜೇಡಗಳೂ ಸಣ್ಣ ಕೀಟಗಳೂ ಗಾಳಿಯಲ್ಲಿ ತೇಲಿ ಬಂದವು. ಬಂದವುಗಳಲ್ಲಿ ಹೆಚ್ಚಿನವು ತಿನ್ನಲು ಏನೂ ಸಿಗದೆ ಅಲ್ಲೇ ಸತ್ತು ಮಣ್ಣಿಗೆ ಸಾರವಾದವು. ಒಂದೆರಡು ವರ್ಷದೊಳಗೆ ಬೋಳು ಬಯಲಿನಲ್ಲಿ ಲುಪಿನ್ ಗಿಡವೊಂದು ನೇರಳೆ ಹೂ ಬಿಟ್ಟಿತು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡಬಲ್ಲ ಗಿಡ ಅದು. ಹೀಗಾಗಿ ಅದರ ಬುಡದಲ್ಲಿ ಬೇರೆ ಬೀಜಗಳಿಗೂ ಮೊಳೆಯಲು ಆಯಿತು.

ಚಿತ್ರದ ಅಡಿಬರಹದ ತಿದ್ದುಪಡಿಯನ್ನು ಈ ಸಂಚಿಕೆಯಲ್ಲೇ ಹಾಕಿದ್ದೇವೆ.

ಸಂಪಾದಕ